ಸಿಂಗಾರ ಮಾಡಿ ನನಗೆ ಮಾರಿದ ಹಳೆ ಫೋರ್ ಬೈ ಫೋರ್: ಮೂರು ವರ್ಷ ಓಡಿಸಿದ ಮೇಲೆ

ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಕೊಡಬಲ್ಲ ಈ ಹಳೆ ಗಾಡಿ ತಂದ ಮೂರನೇ ದಿನ ಟೆಂಪರೇಚರ್ ಮುಳ್ಳು ಸರ್ರನೆ ಮೇಲೇರಿ ಕೆಂಪು ಗೆರೆ ಮುಟ್ಟಿತು. ಗಾಬರಿಯಿಂದ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಬಾನೆಟ್ ಎತ್ತಿ ದೂರ ನಿಂತೆ. ಹಬೆ ಇಲ್ಲ. ಕುದಿಯುವ ಸದ್ದೂ ಇಲ್ಲ. ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಕಥೆ. ಆಗ ಪಕ್ಕದ ಪೆಟ್ರೋಲ್ ಮುಳ್ಳು ಕಣ್ಣಿಗೆ ಬಿತ್ತು. ನಾನು ಹಾಕಿಸಿದ್ದು ಅರ್ಧ ಟ್ಯಾಂಕ್. ಮುಳ್ಳು ಫುಲ್ ದಾಟಿ ನಿಂತಿದೆ. ಓಡುತ್ತಾ ಓಡುತ್ತಾ ಪೆಟ್ರೋಲ್ ಜಾಸ್ತಿ ಆಗುವ ಗಾಡಿ ಯಾರಿಗೂ ಸಿಕ್ಕಿಲ್ಲ, ಅಲ್ವಾ?

ಎರಡು ಮುಳ್ಳು ಒಟ್ಟಿಗೆ ಸುಳ್ಳು ಹೇಳಿದರೆ ಎರಡಕ್ಕೂ ಕರೆಂಟ್ ಕೊಡುವ ಜಾಗ ನೋಡಬೇಕು. ಆ ಕಾಲದ ಹಲವು ಗಾಡಿಗಳಲ್ಲಿ ಮೀಟರ್ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ತಗಡಿನ ಡಬ್ಬಿ ಇರುತ್ತದೆ. ಅದೇ ವೋಲ್ಟೇಜ್ ಸ್ಟೆಬಿಲೈಸರ್. ಅದರೊಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗಿ ಕರೆಂಟ್ ಕಡಿಯುತ್ತದೆ, ತಣ್ಣಗಾಗಿ ಮತ್ತೆ ಕೊಡುತ್ತದೆ. ಹೀಗೆ ಕಡಿದು ಕೊಟ್ಟು ಸರಾಸರಿ 10 ವೋಲ್ಟ್ ಮಾತ್ರ ಮೀಟರಿಗೆ ಹೋಗುವಂತೆ ನೋಡಿಕೊಳ್ಳುತ್ತದೆ. ಈ ಡಬ್ಬಿಗೆ ಅರ್ತಿಂಗ್, ಅಂದರೆ ಬಾಡಿಯ ಲೋಹದ ಮೂಲಕ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ, ಸಿಗದಿದ್ದರೆ ಪಟ್ಟಿ ಬಿಸಿಯಾಗುವುದೇ ಇಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜ್ ನುಗ್ಗುತ್ತದೆ, ಮುಳ್ಳುಗಳು ಮೇಲೇರುತ್ತವೆ. ನನ್ನ ಗಾಡಿಯಲ್ಲಿ ಆ ಡಬ್ಬಿ ಕೂತಿದ್ದ ತಗಡಿಗೆ ಯಾರೋ ಹೊಳೆಯುವ ಹಸಿರು ಪೇಂಟ್ ಹೊಡೆದು, ಪೇಂಟ್ ಮೇಲೇ ಸ್ಕ್ರೂ ಬಿಗಿದಿದ್ದರು. ಪೇಂಟ್ ಕರೆಂಟ್ ಬಿಡುವುದಿಲ್ಲ. ಚಾಕುವಿನ ತುದಿಯಲ್ಲಿ ಕೆರೆದೆ, ಸ್ಕ್ರೂ ವಾಪಸ್ ಹಾಕಿದೆ. ಮುಳ್ಳುಗಳು ತಮ್ಮ ಜಾಗಕ್ಕೆ ಬಂದವು.

ಆ ಹಸಿರು ಪೇಂಟ್ ಮುಂದೆಯೂ ಬರುತ್ತದೆ, ನೆನಪಿಟ್ಟುಕೊಳ್ಳಿ.

ಗಾಡಿಯ ವಿಷಯ ಎರಡು ಮಾತಿನಲ್ಲಿ: 1970ರ ದಶಕದ್ದು. ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಕಾರ್ಬ್ಯುರೇಟರ್, ಪಾಯಿಂಟ್ ಇಗ್ನಿಷನ್ (ಸ್ಪಾರ್ಕಿಗಾಗಿ ತೆರೆದು ಮುಚ್ಚುವ ಲೋಹದ ತುದಿಗಳು), ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಡ್ರಮ್ ಬ್ರೇಕ್, ಬೇಕಾದಾಗ ಹಾಕಿಕೊಳ್ಳುವ ಫೋರ್ ವೀಲ್. ಕಂಪನಿ ಹೆಸರು ಬೇಕಂತಲೇ ಹೇಳುತ್ತಿಲ್ಲ, ಯಾಕೆಂದರೆ ನಾನು ಪಟ್ಟ ಪಾಡಿಗೆ ಕಂಪನಿ ಕಾರಣ ಅಲ್ಲ. ಮೂರು ವರ್ಷದಲ್ಲಿ 14,000 ಕಿಲೋಮೀಟರ್ ಓಡಿಸಿದ್ದೇನೆ. ನನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ತೊಂದರೆ ಬಂದದ್ದು ಗಾಡಿಗೆ ವಯಸ್ಸಾಗಿದೆ ಅಂತ ಅಲ್ಲ, ಮಾರುವ ಮುಂಚೆ ಅದಕ್ಕೆ ಸಿಂಗಾರ ಮಾಡಿದ್ದರಿಂದ.

ಜಾಸ್ತಿ ಕಾಡಿದ್ದು ಸೆಲ್ಫ್, ಅಂದರೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್. ಬೆಳಿಗ್ಗೆ ಕೀ ತಿರುಗಿಸಿದರೆ ಎಂಜಿನ್ ಒಂದು ಸಲ ಮುಲುಗಿ, ಯೋಚನೆ ಮಾಡಿ, ಇನ್ನೊಂದು ಸಲ ಮುಲುಗುತ್ತಿತ್ತು. ಎಲ್ಲರೂ ಹೇಳುವ ಹಾಗೆ ನಾನೂ ಬ್ಯಾಟರಿ ಹೋಗಿದೆ ಅಂದುಕೊಂಡು ಹೊಸದು ತಂದೆ. ಎರಡು ದಿನ ಸರಿ ಅನ್ನಿಸಿತು, ಮತ್ತೆ ಅದೇ ಮುಲುಗಾಟ. ಸ್ಟಾರ್ಟರ್ ಮೋಟರ್ ಬಿಚ್ಚಿಸಿ ಹೊಸ ಕಾರ್ಬನ್ ಬ್ರಷ್ ಹಾಕಿಸಿದೆ. ಪ್ರಯೋಜನ ಇಲ್ಲ. ಒಂದು ಬೆಳಿಗ್ಗೆ ಚೋಕ್ ಎಳೆದು ಸೆಲ್ಫ್ ಹೊಡೆಯುತ್ತಿದ್ದೆ, ಚೋಕ್ ಕೇಬಲ್ ಕೈಗೆ ಬೆಚ್ಚಗೆ ತಾಗಿತು. ಮುಟ್ಟಿ ನೋಡಿದರೆ ಅದರ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿದೆ. ಎಂಜಿನ್ ಇನ್ನೂ ಸ್ಟಾರ್ಟೇ ಆಗಿಲ್ಲ, ಕೇಬಲ್ ಮಾತ್ರ ಬಿಸಿ!

ಇದರ ಅರ್ಥ ಗೊತ್ತಾಗಲು ಎರಡು ದಿನ ಬೇಕಾಯಿತು. ಸ್ಟಾರ್ಟರ್ ಎಳೆಯುವ ಕರೆಂಟ್ ನೂರು ಆಂಪಿಯರ್‌ಗಿಂತ ಜಾಸ್ತಿ. ಅದು ಎಂಜಿನ್‌ನಿಂದ ಚಾಸಿಸ್‌ಗೆ ಹೋಗುವ ದಪ್ಪ ಅರ್ತಿಂಗ್ ಪಟ್ಟಿಯ ಮೂಲಕ ಬ್ಯಾಟರಿಗೆ ವಾಪಸ್ ಬರಬೇಕು. ಆ ದಾರಿ ಕಟ್ಟಿದ್ದರೆ ಕರೆಂಟ್ ಸುಮ್ನೆ ಕೂರುವುದಿಲ್ಲ, ಎಂಜಿನ್ ಮತ್ತು ಬಾಡಿಯನ್ನು ಮುಟ್ಟಿಕೊಂಡಿರುವ ಇನ್ಯಾವುದೋ ಲೋಹ ಹಿಡಿದು ಬರುತ್ತದೆ. ಪಾಪದ ಚೋಕ್ ಕೇಬಲ್ ಸಿಕ್ಕಿಬಿದ್ದದ್ದು ಹೀಗೆ.

ಪರೀಕ್ಷೆ ಮಾಡಲು ಸಾದಾ ಮಲ್ಟಿಮೀಟರ್ ಸಾಕು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಸ್ಟಾರ್ಟ್ ಆಗದಂತೆ ಸ್ಪಾರ್ಕ್ ಕೊಡುವ ಕಾಯಿಲ್‌ಗೆ ಬರುವ ಸಣ್ಣ ವೈರ್ ಕಳಚಿಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ ಬ್ಲಾಕ್‌ನ ಬರಿಯ ಲೋಹದ ಮೇಲೆ. ಒಬ್ಬರು ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟ್‌ಗಿಂತ ಕಡಿಮೆ ಬರಬೇಕು. ನನಗೆ ಬಂದದ್ದು 1.9. ಸುಮಾರು ಎರಡು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ಅದೇ ಹೊತ್ತಿನಲ್ಲಿ ಬ್ಯಾಟರಿಯ ಎರಡು ಕಂಬದ ನಡುವೆ 11 ವೋಲ್ಟ್ ಇತ್ತು, ಅಂದರೆ ಬ್ಯಾಟರಿಯದ್ದೇನೂ ತಪ್ಪಿಲ್ಲ. ಹಳೆಯದ್ದೂ ಬಹುಶಃ ಚೆನ್ನಾಗಿಯೇ ಇತ್ತೇನೋ, ಅದನ್ನು ಕೊಟ್ಟುಬಿಟ್ಟಿದ್ದೆ.

ಅರ್ತಿಂಗ್ ಪಟ್ಟಿಯ ಬೋಲ್ಟ್ ಬಿಚ್ಚಿದೆ. ಕೆಳಗೆ ಅದೇ ಹಸಿರು ಪೇಂಟ್, ಎರಡು ಕೋಟ್. ಎಮೆರಿ ಪೇಪರಿನಲ್ಲಿ ಲೋಹ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲಿಂದ ಗ್ರೀಸ್ ಸವರಿದೆ. ಮೀಟರ್ 0.2 ತೋರಿಸಿತು. ಅವತ್ತಿನಿಂದ ಕೀ ತಿರುಗಿಸಿದರೆ ಎಂಜಿನ್ ಗಿರ್ರನೆ ತಿರುಗುತ್ತದೆ. ಮಂಕಾಗಿದ್ದ ಹೆಡ್‌ಲೈಟ್‌ಗೂ ಇದೇ ಮದ್ದು ಮಾಡಿದೆ, ಅದರ ಅರ್ತಿಂಗ್ ಸ್ಕ್ರೂ ಕೂಡ ಪೇಂಟ್ ಮೇಲೆಯೇ ಕೂತಿತ್ತು.

ಮುಂದಿನದ್ದು ಪೆಟ್ರೋಲ್ ಕಥೆ. ಇಪ್ಪತ್ತೈದು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಏರು ಬಂದರೆ ಪಿಕಪ್ ಇಲ್ಲ, ಜಗ್ಗಿ ಜಗ್ಗಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲ ಅನ್ನುವ ಹಾಗೆ ಹೊರಡುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಊದಿದೆ. ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತಿದೆ ಅಂತ ಪೈಪನ್ನು ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ ದೂರ ಸರಿಸಿ ಕಟ್ಟಿದೆ. ಐದನೇ ಸಲ ನಿಂತಾಗ ಬೇಸರಕ್ಕೆ ಟ್ಯಾಂಕಿನ ಮುಚ್ಚಳ ತೆಗೆದೆ. ‘ಫಸ್ಸ್’ ಅಂತ ಗಾಳಿ ಒಳಗೆ ನುಗ್ಗಿತು. ಹಳೆ ಮುಚ್ಚಳ ಚೆನ್ನಾಗಿ ಕಾಣುವುದಿಲ್ಲ ಅಂತ ಯಾರೋ ಮಿರಮಿರ ಮಿಂಚುವ ಹೊಸ ಮುಚ್ಚಳ ಹಾಕಿದ್ದರು. ಅದಕ್ಕೆ ಗಾಳಿ ಆಡುವ ತೂತೇ ಇಲ್ಲ! ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಪಂಪ್ ಎಷ್ಟು ಅಂತ ಎಳೆದೀತು? ನಿಮ್ಮ ಗಾಡಿಯೂ ಹೀಗೆ ನಿಂತರೆ ಬೇರೆ ಏನನ್ನೂ ಬಿಚ್ಚುವ ಮುಂಚೆ ಮುಚ್ಚಳ ಬಿಚ್ಚಿ. ಮುಚ್ಚಳಕ್ಕೆ ನೀವೇ ಡ್ರಿಲ್ ಹಾಕಲು ಹೋಗಬೇಡಿ, ತೂತಿರುವ ಸರಿಯಾದದ್ದು ಸಿಗುತ್ತದೆ. ಅದೇ ಸಮಯಕ್ಕೆ ಹಳೆ ರಬ್ಬರ್ ಪೈಪುಗಳನ್ನೂ ಬದಲಾಯಿಸಿದೆ. ಎಥನಾಲ್ ಬೆರೆತ ಪೆಟ್ರೋಲಿಗೆ ಆ ಕಾಲದ ರಬ್ಬರ್ ಬಾಳುವುದಿಲ್ಲ, ಒಳಗಿನಿಂದಲೇ ಉದುರಿ ಕಾರ್ಬ್ಯುರೇಟರ್ ಸೇರುತ್ತದೆ.

ಹಿಂದಿನ ಎಡ ಚಕ್ರದ ಒಳಗೆ ಆಯಿಲ್ ಸೋರಿ ಬ್ರೇಕ್ ಒಂದೇ ಕಡೆ ಎಳೆಯುತ್ತಿತ್ತು. ಆಯಿಲ್ ಸೀಲ್ ಎರಡು ಸಲ ಬದಲಾಯಿಸಿದರೂ ಸೋರಿಕೆ ನಿಲ್ಲಲಿಲ್ಲ. ಕಾರಣ ಊಹಿಸಿದಿರಾ? ಆಕ್ಸಲ್ ಹೌಸಿಂಗ್, ಅಂದರೆ ಚಕ್ರಗಳ ಅಚ್ಚಿನ ಕವಚದ ಮೇಲೆ ಬ್ರೀದರ್ ಅಂತ ಒಂದು ಪುಟ್ಟ ಮೂಗು ಇರುತ್ತದೆ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅಲ್ಲಿಂದ ಹೊರಗೆ ಹೋಗಬೇಕು. ಆ ಮೂಗಿಗೆ ಪೇಂಟ್ ಮೆತ್ತಿ ಬಿಟ್ಟಿದ್ದರು. ಗಾಳಿಗೆ ಬೇರೆ ದಾರಿ ಇಲ್ಲದೆ ಸೀಲ್ ಸಂದಿಯಿಂದ ಆಯಿಲ್ ತಳ್ಳಿಕೊಂಡು ಬರುತ್ತಿತ್ತು. ಈಗ ಬ್ರೀದರ್‌ಗೆ ಉದ್ದ ಪೈಪ್ ಹಾಕಿ ಚಾಸಿಸ್ ಮೇಲಕ್ಕೆ ಒಯ್ದಿದ್ದೇನೆ. ನೀರಿಗೆ ಇಳಿಸುವವರಿಗೆ ಇದು ಬೇಕೇ ಬೇಕು. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಆಗ ಮೂಗು ನೀರೊಳಗಿದ್ದರೆ ನೀರನ್ನೇ ಕುಡಿಯುತ್ತದೆ. ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ಹಾಗೆಯೇ ಆಗಿದೆ ಅಂತ ಲೆಕ್ಕ. ಆಯಿಲ್ ಕುಡಿದ ಬ್ರೇಕ್ ಶೂಗಳನ್ನು ಉಜ್ಜಿ ಮತ್ತೆ ಹಾಕಬೇಡಿ, ಹೊಸದೇ ಹಾಕಿ.

ಈ ಕೆಲಸದಲ್ಲೇ ನನ್ನ ಜೀವ ಬಾಯಿಗೆ ಬಂದದ್ದು. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದು, ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿದೆ. ಚಕ್ರ ನೆಲ ಬಿಟ್ಟ ಕೂಡಲೇ ಗಾಡಿ ಒಂದು ಗೇಣು ಮುಂದೆ ಸರಿಯಿತು, ಜಾಕ್ ವಾಲಿತು. ಕೈ ಒಳಗಿರಲಿಲ್ಲ, ಅಷ್ಟೇ ಪುಣ್ಯ. ಇಂಥ ಹಳೆ ಗಾಡಿಗಳಲ್ಲಿ ಹಲವಕ್ಕೆ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ ಇದ್ದು, ಹಿಂದಿನ ಆಕ್ಸಲ್ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ, ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಅದನ್ನು ಉಲ್ಟಾ ತಿರುಗಲು ಬಿಡುತ್ತದೆ, ನೆಲದ ಮೇಲಿನದ್ದು ಮುಂದಕ್ಕೆ ಉರುಳುತ್ತದೆ. ಉಳಿದ ಚಕ್ರಗಳ ಎರಡೂ ಕಡೆ ಉರುಳದಂತೆ ಅಡ್ಡ ಕೊಡದೆ, ಸ್ಟ್ಯಾಂಡ್ ಇಡದೆ ಕೆಳಗೆ ಹೋಗಬೇಡಿ. ಈ ಒಂದು ವಿಷಯದಲ್ಲಿ ನಾನು ತಮಾಷೆ ಮಾಡುತ್ತಿಲ್ಲ.

ನನ್ನದೇ ದಡ್ಡತನವೂ ಇದೆ. ಡಾಂಬರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡೇ ತಿರುಗಾಡಿದೆ, ಲಿವರ್ ವಾಪಸ್ ಬರಲಿಲ್ಲ. ಮುರಿದೇ ಹೋಯಿತು ಅಂದುಕೊಂಡೆ. ಇಂಥ ಗಾಡಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಹೋಗುತ್ತವೆ. ಮಣ್ಣಿನಲ್ಲಾದರೆ ಟೈರ್ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಶಾಫ್ಟ್‌ಗಳು ತಿರುಚಿಕೊಂಡು ಬಿಗಿಯುತ್ತವೆ. ಹತ್ತು ಅಡಿ ನೇರ ರಿವರ್ಸ್ ಹೋದೆ, ಲಿವರ್ ಟಕ್ ಅಂತ ಬಂತು. ಇನ್ನೊಂದು ಸಲ ಕೆಸರಿನಲ್ಲಿ ಮುಂದಿನ ಚಕ್ರ ತಿರುಗಲೇ ಇಲ್ಲ. ಮುಂದಿನ ಚಕ್ರವನ್ನು ಅದರ ಶಾಫ್ಟಿಗೆ ಜೋಡಿಸುವ ಹಬ್ಬನ್ನು ಎರಡೂ ಕಡೆ ಲಾಕ್ ಮಾಡಬೇಕು. ಬಲಗಡೆಯದ್ದು ಮಾಡಿದ್ದೆ, ಎಡಗಡೆಯದ್ದು ಮರೆತಿದ್ದೆ. ಎಲ್ಲ ಶಕ್ತಿ ಸುಲಭವಾಗಿ ತಿರುಗುವ ಎಡಗಡೆ ಶಾಫ್ಟಿಗೆ ಹೋಗಿ ಅದೊಂದೇ ಗಿರಗಿರ ತಿರುಗುತ್ತಿತ್ತು. ನೋಡಿ ನಕ್ಕವರು ಇಬ್ಬರು.

ಉಳಿದದ್ದು ಚಿಲ್ಲರೆ. ಪಾಯಿಂಟ್ ಗ್ಯಾಪ್ ನನ್ನ ಗಾಡಿಗೆ 0.4 ಮಿಲಿಮೀಟರ್, ನಿಮ್ಮದರ ಪುಸ್ತಕ ನೋಡಿ. ಸ್ಟೀರಿಂಗ್ ಅತ್ತಿತ್ತ ಅಲೆದರೆ ಮೊದಲು ಟೈರ್ ಗಾಳಿ ನೋಡಿ. ಆಮೇಲೆ ಒಬ್ಬರು ಸ್ಟೀರಿಂಗ್ ಅಲುಗಾಡಿಸಲಿ, ನೀವು ಕೆಳಗಿನಿಂದ ಟೈ ರಾಡ್ ಎಂಡ್ (ಸ್ಟೀರಿಂಗ್ ಕಡ್ಡಿಯ ತುದಿಯ ಕೀಲು) ಕಡೆ ಕಣ್ಣಿಡಿ. ಗೇರ್‌ಬಾಕ್ಸಿಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕುವ ಮುಂಚೆ ಎರಡು ಸಲ ಯೋಚಿಸಿ, ಹಳೆ ಗೇರ್‌ಬಾಕ್ಸಿನ ಹಿತ್ತಾಳೆ ಭಾಗಗಳಿಗೆ ಅದು ಒಗ್ಗದಿರಬಹುದು. ನಾನು ಜಿಎಲ್-4 ಹಾಕುತ್ತೇನೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಬ್ರೇಕ್‌ಗೆ. ನಾಲ್ಕು ಡ್ರಮ್‌ಗಳನ್ನು ಎಷ್ಟು ಅಡ್ಜಸ್ಟ್ ಮಾಡಿದರೂ ಈಗಿನ ಕಾರು ಮುಂದೆ ಗಕ್ಕನೆ ನಿಂತರೆ ಎದೆ ಝಲ್ ಅನ್ನುತ್ತದೆ. ಮತ್ತೊಂದು ಕೊಳ್ಳುತ್ತೀಯಾ ಅಂದರೆ ಹೂಂ ಅನ್ನುತ್ತೇನೆ. ಆದರೆ ಹೊಸ ಪೇಂಟಿನದ್ದು ಬೇಡ, ತುಕ್ಕು ಕಣ್ಣಿಗೆ ಕಾಣುವಂಥದ್ದೇ ಬೇಕು.

ಈಗ ಬಾಕಿ ಇರುವುದು ಒಂದು ಸದ್ದು. ಹಳ್ಳ ದಾಟುವಾಗ ಎಡಗಡೆ ಹಿಂದಿನಿಂದ ಕಿರ್ ಕಿರ್ ಅನ್ನುತ್ತದೆ. ಇವತ್ತು ಗ್ರೀಸ್ ಗನ್ ಹಿಡಿದು ಕೆಳಗೆ ಹೋದೆ. ಸ್ಪ್ರಿಂಗ್ ಶ್ಯಾಕಲ್‌ನ (ಸ್ಪ್ರಿಂಗ್ ತುದಿಯನ್ನು ಚಾಸಿಸ್ಸಿಗೆ ಸೇರಿಸುವ ಕೊಂಡಿ) ಗ್ರೀಸ್ ತುಂಬುವ ನಿಪ್ಪಲ್ ಬಾಯಿಗೆ ಹಸಿರು ಪೇಂಟ್ ಮೆತ್ತಿದೆ. ಮೂರು ವರ್ಷ ನಾನು ಹೊಡೆದ ಗ್ರೀಸ್ ಎಲ್ಲ ಹೊರಗೇ ಸುತ್ತಿಕೊಂಡಿದೆ, ಒಳಗೆ ಒಂದು ಚೂರೂ ಹೋಗಿಲ್ಲ. ಸೂಜಿ ಹುಡುಕಲು ಒಳಗೆ ಬಂದವನು ಇದನ್ನು ಬರೆಯುತ್ತಾ ಕೂತುಬಿಟ್ಟೆ.