ತಾರಸಿ ಸೋಲಾರ್: ಬೀದಿಗೆ ಲಾಭವೇ, ಆದರೆ ಮೂರೂ ಫೇಸ್‌ಗೆ ಹಂಚಿಕೊಂಡರೆ

ಗ್ರಿಡ್‌ಗೆ (ವಿದ್ಯುತ್ ಕಂಪನಿಯ ಲೈನ್‌ಗೆ) ಜೋಡಿಸಿದ, ಬ್ಯಾಟರಿ ಇಲ್ಲದ ತಾರಸಿ ಸೋಲಾರ್‌ಗೆ ವರ್ಷಗಳ ಬಳಕೆಯ ನಂತರ 5ಕ್ಕೆ 4 ಅಂಕ. ಪ್ಯಾನೆಲ್ ಬಗ್ಗೆ ದೂರಿಲ್ಲ. ಉತ್ಪಾದನೆ ವರ್ಷಕ್ಕೆ ಶೇ. 0.5ರ ಆಸುಪಾಸು ಇಳಿಯುತ್ತದೆ, ಅಷ್ಟೇ. ಬೇಗ ಕೈಕೊಡುವುದು ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಯಾಗಿ ಬದಲಿಸುವ ಇನ್ವರ್ಟರ್. 10–15 ವರ್ಷಕ್ಕೆ ಅದನ್ನು ಬದಲಿಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಹಗಲು ಮನೆಗೆ ಬೇಡವಾದ ಕರೆಂಟು ಹೆಚ್ಚು ದೂರ ಹೋಗುವುದಿಲ್ಲ. ಅದೇ ಟ್ರಾನ್ಸ್‌ಫಾರ್ಮರ್‌ನ ಅಕ್ಕಪಕ್ಕದ ಮನೆಗಳಲ್ಲೇ ಖರ್ಚಾಗುತ್ತದೆ. ದೂರದಿಂದ ತರುವಾಗ ತಂತಿಯಲ್ಲಿ ಸೋರಿಹೋಗುತ್ತಿದ್ದುದು ಅಷ್ಟು ಉಳಿಯಿತು, ಟ್ರಾನ್ಸ್‌ಫಾರ್ಮರ್‌ನ ಹಗಲಿನ ಹೊರೆಯೂ ತಗ್ಗಿತು. ಸಂಜೆಯ ಹೊರೆಗೆ ಮಾತ್ರ ಇದರಿಂದ ಏನೂ ಉಪಯೋಗವಿಲ್ಲ.

ತೊಡಕು ಕಾಣುವುದು ಬೀದಿಯಲ್ಲಿ ಸೋಲಾರ್ ಮನೆಗಳು ಹೆಚ್ಚಾದ ಮೇಲೆ. ಬೀದಿಯ ಲೈನ್‌ನಲ್ಲಿ ಕರೆಂಟು ತರುವ ತಂತಿಗಳು ಮೂರು, ಒಂದೊಂದೂ ಒಂದು ಫೇಸ್. ಸಿಂಗಲ್ ಫೇಸ್ ಇನ್ವರ್ಟರ್‌ಗಳೆಲ್ಲ ಒಂದೇ ಫೇಸ್‌ಗೆ ಬಿದ್ದರೆ ಮಧ್ಯಾಹ್ನ ಆ ಫೇಸ್‌ನ ವೋಲ್ಟೇಜ್ ಏರುತ್ತದೆ. 230 ವೋಲ್ಟ್‌ನ ಲೈನ್‌ನಲ್ಲಿ ಅದು ಶೇ. 10 ಮೀರಿ 253 ದಾಟಿದರೆ ಸಾಮಾನ್ಯವಾಗಿ ಇನ್ವರ್ಟರ್ ತಾನಾಗಿಯೇ ಟ್ರಿಪ್ ಆಗುತ್ತದೆ. ಹೆಚ್ಚಾಗಿ ಲೈನ್‌ನ ತುದಿಯ ಮನೆಯದೇ ಮೊದಲ ಸರದಿ. ಸುಡುಬಿಸಿಲಲ್ಲೂ ಉತ್ಪಾದನೆ ಸೊನ್ನೆಗಿಳಿದು ಮತ್ತೆ ಏರುತ್ತಿದ್ದರೆ ಪ್ಯಾನೆಲ್ ತೊಳೆಸಿ ಪ್ರಯೋಜನವಿಲ್ಲ, ಇನ್ವರ್ಟರ್‌ನ ದೋಷಪಟ್ಟಿಯಲ್ಲಿ ‘ಓವರ್ ವೋಲ್ಟೇಜ್’ ಇದೆಯೇ ನೋಡಿ. ಮನೆಗಳನ್ನು ಮೂರೂ ಫೇಸ್‌ಗೆ ಹಂಚುವುದು ವಿದ್ಯುತ್ ಕಂಪನಿಯ ಕೆಲಸ. ಬೀದಿಯವರೆಲ್ಲ ಸೇರಿ ಅರ್ಜಿ ಕೊಡಿ. ಇನ್ವರ್ಟರ್‌ನಿಂದ ಮೀಟರ್‌ವರೆಗಿನ ಎಸಿ ಕೇಬಲ್ ತೆಳ್ಳಗಿದ್ದರೂ ವೋಲ್ಟೇಜ್ ಏರುತ್ತದೆ, ದಪ್ಪದ್ದು ಹಾಕಿಸಿ. ನೀರಿನ ಪಂಪು, ಗೀಸರ್, ವಾಷಿಂಗ್ ಮೆಷಿನ್ ಮಧ್ಯಾಹ್ನ ಓಡಲಿ, ಮನೆಯಲ್ಲೇ ಖರ್ಚಾದಷ್ಟೂ ವೋಲ್ಟೇಜ್ ಏರಿಕೆ ತಗ್ಗುತ್ತದೆ. ಇದಕ್ಕೊಂದು ಟೈಮರ್ ಸಾಕು, ಯಾರ ಅಪ್ಪಣೆಯೂ ಬೇಡ.

ಅಪಾರ್ಟ್‌ಮೆಂಟ್‌ಗಳಲ್ಲಿ ಲಿಫ್ಟ್, ಪಂಪು, ಮೆಟ್ಟಿಲ ದೀಪಗಳ ಸಾಮಾನ್ಯ ಮೀಟರ್‌ಗೆ ಜೋಡಿಸುವುದೇ ಸಲೀಸು, ಪಾಲಿನ ಜಗಳವಿರದು. ಕಿಲೋವ್ಯಾಟ್‌ಗೆ ಸುಮಾರು 10 ಚದರ ಮೀಟರ್ ಜಾಗ ಇಟ್ಟುಕೊಳ್ಳಿ. ನೀರಿನ ಟ್ಯಾಂಕಿನ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಅದೇ ಸ್ಟ್ರಿಂಗ್‌ನ (ಒಂದಕ್ಕೊಂದು ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳ) ಉಳಿದವುಗಳ ಉತ್ಪಾದನೆಗೂ ಏಟು.

‘ಕರೆಂಟು ಹೋದರೂ ದೀಪ ಉರಿಯುತ್ತದೆ’ ಎಂದು ನಂಬಿಸಿ ಮಾರುವವರಿದ್ದಾರೆ. ಉರಿಯುವುದಿಲ್ಲ. ಲೈನ್ ಸತ್ತಾಗ ಕಂಬದ ಮೇಲಿರುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದೇ ಇನ್ವರ್ಟರ್ ನಿಲ್ಲುತ್ತದೆ. ಆಗಲೂ ಬೆಳಕು ಬೇಕಿದ್ದರೆ ಬ್ಯಾಟರಿ ಜೊತೆಗೂ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಎರಡೂ ಬೇಕು.

ಅಳವಡಿಸುವ ದಿನ ಪ್ಯಾನೆಲ್‌ ತಂತಿಗಳನ್ನು ಕೂಡಿಸುವ ಡಿಸಿ ಕನೆಕ್ಟರ್‌ಗಳ ಗಂಡು–ಹೆಣ್ಣು ತುದಿಗಳು ಒಂದೇ ಕಂಪನಿಯವೇ ಎಂದು ನೋಡಿ. ಬೇರೆ ಬೇರೆಯಾದರೆ ಸಂಪರ್ಕ ಸಡಿಲಾಗಿ ಬಿಸಿಯೇರಿ ಕರಗಬಹುದು, ಬೆಂಕಿಯೂ ಹೊತ್ತಿಕೊಳ್ಳಬಹುದು.