ಮೋಟೋಕ್ರಾಸ್ ಕಲಿಯಲು ಎಕ್ಸ್‌ಪಲ್ಸ್ ಸಾಕೇ, ಕೆಎಕ್ಸ್ 250 ಬೇಕೇ?

ಗೇಟ್ ಬಿದ್ದೊಡನೆ ಎಲ್ಲರೂ ಒಟ್ಟಿಗೆ ಹೊರಟು, ಮಣ್ಣಿನ ಟ್ರ್ಯಾಕಿನ ತಿರುವು–ಜಂಪುಗಳಲ್ಲಿ ಸುತ್ತುವ ರೇಸು ಇದು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದು ಮೋಟೋ, ಅಂದರೆ ಒಂದು ಓಟ, 30 ನಿಮಿಷ, ಮೇಲೆ ಎರಡು ಲ್ಯಾಪ್. ಗೆದ್ದವರಿಗೆ 25 ಅಂಕ.

ರಸ್ತೆಗೂ ಮಣ್ಣಿಗೂ ಆಗುವ ಬೈಕು ಹೀರೋ ಎಕ್ಸ್‌ಪಲ್ಸ್ 200ಕ್ಕೆ ನಂಬರ್ ಪ್ಲೇಟ್ ಇದೆ, ಹುಬ್ಬಳ್ಳಿಯಿಂದ ಟ್ರ್ಯಾಕಿಗೆ ಓಡಿಸಿಕೊಂಡೇ ಹೋಗಬಹುದು. ಮೋಟೋಕ್ರಾಸ್ ರೇಸಿಗೆಂದೇ ಮಾಡಿದ ಕವಾಸಾಕಿ ಕೆಎಕ್ಸ್ 250ಕ್ಕೆ ಲೈಟೂ ಇಲ್ಲ, ಇಂಡಿಕೇಟರೂ ಇಲ್ಲ, ರಸ್ತೆಗಿಳಿಸುವಂತಿಲ್ಲ. ಪ್ರತಿ ಸಲ ಟಾಟಾ ಏಸ್ ಬಾಡಿಗೆ ಲೆಕ್ಕ ಹಿಡಿಯಿರಿ.

ಜಂಪಿನಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯೇ ಇಲ್ಲ. ಕೆಎಕ್ಸ್ ತೂಕ ಸುಮಾರು 108 ಕೆ.ಜಿ., ಸಸ್ಪೆನ್ಷನ್ 300 ಮಿ.ಮೀ. ಆಸುಪಾಸು ಕುಗ್ಗುತ್ತದೆ. ಎಕ್ಸ್‌ಪಲ್ಸ್ 150 ಕೆ.ಜಿ. ದಾಟುತ್ತದೆ, ಸಸ್ಪೆನ್ಷನ್ ಮುಂದೆ 190, ಹಿಂದೆ 170 ಮಿ.ಮೀ. ಎತ್ತರದಿಂದ ಇಳಿದರೆ ಫೋರ್ಕ್ (ಮುಂದಿನ ಸಸ್ಪೆನ್ಷನ್) ತಳ ಬಡಿದು ರಿಮ್ ಬಾಗಬಹುದು.

ನಮ್ಮ ಮಣ್ಣೂ ಆಯ್ಕೆಯನ್ನು ಬದಲಿಸುತ್ತದೆ. ಧಾರವಾಡ ಕಡೆಯ ಮಸಾರಿ ಕೆಂಪು ಮಣ್ಣಿನಲ್ಲಿ ಎರಡೂ ನಡೆದಾವು. ನವಲಗುಂದ, ಗದಗ ಕಡೆಯ ಎರಿ, ಅಂದರೆ ಕಪ್ಪು ಮಣ್ಣು, ಹಸಿಯಾದರೆ ಮಡ್‌ಗಾರ್ಡಿಗೂ ಚಕ್ರಕ್ಕೂ ನಡುವೆ ಹಿಟ್ಟಿನಂತೆ ಮೆತ್ತಿ ಚಕ್ರ ಹಿಡಿಯುತ್ತದೆ. ಎಳೆದಷ್ಟೂ ಕ್ಲಚ್ ಸುಡುತ್ತದೆ. ಕೆಎಕ್ಸ್‌ನ ರೇಡಿಯೇಟರಿಗೆ ಕೆಸರು ಮೆತ್ತಿದರೆ ಎಂಜಿನ್ನೂ ಕಾಯುತ್ತದೆ. ಮಳೆ ಬಿದ್ದ ಎರಿಗೆ ಯಾವುದನ್ನೂ ಇಳಿಸಬೇಡಿ.

ಕೆಎಕ್ಸ್ ಸರ್ವಿಸ್ ಕಿಲೋಮೀಟರಲ್ಲ, ಎಂಜಿನ್ ಓಡಿದ ಗಂಟೆ ಲೆಕ್ಕ. ಪ್ರತಿ ಓಟದ ಬಳಿಕ ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಫೋಮ್ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಸವರಬೇಕು. ಒಂದು ಸಲ ಮರೆತರೂ ಧೂಳು ಒಳಹೋಗಿ ಪಿಸ್ಟನ್ ಸವೆಯುತ್ತದೆ.

ನಿಂತು ಓಡಿಸುವುದು, ಬ್ರೇಕು, ತಿರುವು ಕಲಿಯುವಷ್ಟು ದಿನ ಎಕ್ಸ್‌ಪಲ್ಸ್ ಇರಲಿ. ಉಳಿದ ದುಡ್ಡಿಗೆ ಮೊದಲು ಮೋಟೋಕ್ರಾಸ್ ಬೂಟು ಕೊಳ್ಳಿ.