ಸ್ಟ್ಯಾಂಡರ್ಡ್ ಅಕೌಂಟ್‌ನಲ್ಲಿದ್ದುಕೊಂಡೇ ಅಡ್ಮಿನ್ ಸೆಟಿಂಗ್ಸ್ ಬದಲಿಸಲು ಯಾವ ದಾರಿ ಸಲೀಸು?

ವಿಂಡೋಸ್ 10 ಮತ್ತು 11ರಲ್ಲಿ ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಅಕೌಂಟ್ (ಸೀಮಿತ ಅಧಿಕಾರದ ಮಾಮೂಲಿ ಅಕೌಂಟ್), ಸೆಟಿಂಗ್ಸ್‌ಗೆ ಮಾತ್ರ ಬೇರೆ ಅಡ್ಮಿನ್ ಅಕೌಂಟ್ ಇಟ್ಟುಕೊಂಡು ನಾಲ್ಕು ದಾರಿಗಳನ್ನೂ ಬಳಸಿದ ಮೇಲೆ ನನ್ನ ಓಟು ಒಂದಕ್ಕೇ. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಟೈಪ್ ಮಾಡಿ, ಕಂಟ್ರೋಲ್-ಶಿಫ್ಟ್-ಎಂಟರ್ ಒತ್ತಿ, ಅಡ್ಮಿನ್ ಪಾಸ್‌ವರ್ಡ್ ಕೊಡಿ. ಕಮಾಂಡ್ ಪ್ರಾಂಪ್ಟ್ ಪೂರ್ತಿ ಅಧಿಕಾರದೊಂದಿಗೆ ತೆರೆಯುತ್ತದೆ. ಅಲ್ಲಿ ಡಿಇವಿಎಂಜಿಎಂಟಿ ಡಾಟ್ ಎಂಎಸ್‌ಸಿ ಎಂದು ಹೊಡೆದರೆ ಡಿವೈಸ್ ಮ್ಯಾನೇಜರ್ ಬರುತ್ತದೆ. ಸರ್ವಿಸಸ್, ಡಿಸ್ಕ್ ಮ್ಯಾನೇಜ್‌ಮೆಂಟ್ ಕೂಡ ಹಾಗೆಯೇ. ಪಾಸ್‌ವರ್ಡ್ ಒಂದೇ ಸಲ.

ವಿಂಡೋಸ್ 2000ದ ಕಾಲದಿಂದಲೂ ಇರುವ ರನ್‌ಆಸ್ ಕಮಾಂಡ್ ಮೇಲ್ನೋಟಕ್ಕೆ ಇದೇ ಕೆಲಸ ಮಾಡುವಂತೆ ಕಾಣುತ್ತದೆ, ಮಾಡುವುದಿಲ್ಲ. ಅದು ಅಡ್ಮಿನ್ ಹೆಸರಿನಲ್ಲಿ ಪ್ರೋಗ್ರಾಂ ತೆರೆಯುತ್ತದೆ, ಆದರೆ ವಿಂಡೋಸ್ ವಿಸ್ಟಾದಲ್ಲಿ ಯುಎಸಿ (ಅಡ್ಮಿನ್ ಕೆಲಸಕ್ಕೆ ಮೊದಲು ಅನುಮತಿ ಕೇಳುವ ವ್ಯವಸ್ಥೆ) ಬಂದ ಮೇಲೆ ಆ ಪ್ರೋಗ್ರಾಂಗೆ ಸಿಗುವುದು ಮೊಟಕುಗೊಳಿಸಿದ ಅಧಿಕಾರ. ಸರ್ವಿಸ್ ನಿಲ್ಲಿಸಲು ಹೋದರೆ 'ಆಕ್ಸೆಸ್ ಡಿನೈಡ್' ಎನ್ನುತ್ತದೆ. ಪಿನ್ ಒಪ್ಪುವುದಿಲ್ಲ. ಅಡ್ಮಿನ್ ಅಕೌಂಟ್‌ಗೆ ಪಾಸ್‌ವರ್ಡೇ ಇಲ್ಲದಿದ್ದರೆ 1327 ಎಂಬ ಎರರ್. ಇದರ ಸೇವ್‌ಕ್ರೆಡ್ ಆಯ್ಕೆಯನ್ನಂತೂ ಮುಟ್ಟಬೇಡಿ: ಒಮ್ಮೆ ಉಳಿಸಿದ ಪಾಸ್‌ವರ್ಡ್ ಬಳಸಿ ಆ ಸ್ಟ್ಯಾಂಡರ್ಡ್ ಅಕೌಂಟ್‌ನಲ್ಲಿ ಕೂತ ಯಾರೇ ಆಗಲಿ, ಯಾವ ಪ್ರೋಗ್ರಾಂ ಬೇಕಾದರೂ ಅಡ್ಮಿನ್ ಹೆಸರಿನಲ್ಲಿ ತೆರೆಯಬಹುದು.

ನನ್ನ ನೆಚ್ಚಿನ ದಾರಿಯಲ್ಲೂ ಒಂದು ತೊಡಕಿದೆ, ಅದನ್ನು ತಿಳಿಯದೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. ಅಡ್ಮಿನ್ ಪಾಸ್‌ವರ್ಡ್ ಕೊಟ್ಟ ಕ್ಷಣದಿಂದ ಆ ವಿಂಡೋ ನಿಮ್ಮದಲ್ಲ, ಅಡ್ಮಿನ್‌ನದು. ಅಲ್ಲಿಂದ ಐಎನ್‌ಟಿಎಲ್ ಡಾಟ್ ಸಿಪಿಎಲ್ (ದಿನಾಂಕ, ಸಮಯದ ಮಾದರಿಯ ಸೆಟಿಂಗ್ಸ್) ತೆರೆದು ದಿನಾಂಕದ ಮಾದರಿ ಬದಲಿಸಿ ಓಕೆ ಒತ್ತಿದರೆ ಎಲ್ಲವೂ ಸರಿಯಾದಂತೆ ಕಾಣುತ್ತದೆ. ನಿಮ್ಮ ಟಾಸ್ಕ್‌ಬಾರ್‌ನಲ್ಲಿ ಮಾತ್ರ ಹಳೆಯದೇ ಇರುತ್ತದೆ, ಏಕೆಂದರೆ ಬದಲಾದದ್ದು ಅಡ್ಮಿನ್ ಅಕೌಂಟ್‌ನ ದಿನಾಂಕ. ಇಂಥ ವೈಯಕ್ತಿಕ ಸೆಟಿಂಗ್ಸ್‌ಗೆ ಅಡ್ಮಿನ್ ವಿಂಡೋ ಬೇಕಿಲ್ಲ. ಮಾಮೂಲಿಯಾಗಿ ತೆರೆದು ಬದಲಿಸಿ.

ವಿಂಡೋಸ್ ತನ್ನ ಸೆಟಿಂಗ್ಸ್ ಉಳಿಸಿಡುವ ರಿಜಿಸ್ಟ್ರಿಯಲ್ಲಿ ಇದು ಇನ್ನೂ ಗೋಜಲು. ಅಡ್ಮಿನ್ ಆಗಿ ತೆರೆದ ರೆಜ್‌ಎಡಿಟ್‌ನಲ್ಲಿ (ರಿಜಿಸ್ಟ್ರಿ ತಿದ್ದುವ ಪ್ರೋಗ್ರಾಂ) 'ಕರೆಂಟ್ ಯೂಸರ್' ಎಂದರೆ ಅಡ್ಮಿನ್ನೇ. ನಿಮ್ಮ ಭಾಗ ಬೇಕಿದ್ದರೆ, ಇನ್ನೊಂದು ಮಾಮೂಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೂಆಮ್‌ಐ ಸ್ಲ್ಯಾಶ್ ಯೂಸರ್ (whoami /user) ಎಂದು ಕೇಳಿ. ಎಸ್-1-5-21ರಿಂದ ಶುರುವಾಗುವ ಉದ್ದದ ಸಂಖ್ಯೆ ಬರುತ್ತದೆ. ರೆಜ್‌ಎಡಿಟ್‌ನ 'ಎಚ್‌ಕೀ ಯೂಸರ್ಸ್' ಕೆಳಗೆ ಅದೇ ಸಂಖ್ಯೆಯ ಫೋಲ್ಡರ್ ಹುಡುಕಿ, ಕೊನೆಗೆ 'ಕ್ಲಾಸಸ್' ಎಂದಿರುವುದನ್ನು ಬಿಟ್ಟು ಇನ್ನೊಂದರಲ್ಲಿ ಬದಲಿಸಿ. ಈ ಪ್ರಶ್ನೆಯನ್ನು ಅಡ್ಮಿನ್ ವಿಂಡೋದಲ್ಲೇ ಕೇಳಿದರೆ ಬರುವುದು ಅಡ್ಮಿನ್‌ನ ಸಂಖ್ಯೆ, ಮತ್ತೆ ಅದೇ ತಪ್ಪು.

ನೆಟ್‌ವರ್ಕ್ ಡ್ರೈವ್‌ಗಳೂ ಈ ವಿಂಡೋಗೆ ಕಾಣುವುದಿಲ್ಲ. ಇನ್‌ಸ್ಟಾಲರ್ ಅಲ್ಲಿದ್ದರೆ ಮೊದಲೇ ಸಿ ಡ್ರೈವ್‌ನ ಯಾವುದಾದರೂ ಫೋಲ್ಡರ್‌ಗೆ ಕಾಪಿ ಮಾಡಿಕೊಳ್ಳಿ.

ಸ್ವಿಚ್ ಯೂಸರ್ ಮಾಡಿ ಅಡ್ಮಿನ್‌ಗೆ ಹೋಗುವುದು ಸುರಕ್ಷಿತ, ಆದರೆ 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎರಡು ಅಕೌಂಟ್ ಒಟ್ಟಿಗೆ ತೆರೆದಿಟ್ಟರೆ ಏದುಸಿರು ಬಿಡುತ್ತದೆ. ನಿಮ್ಮ ಅಕೌಂಟನ್ನೇ ತಾತ್ಕಾಲಿಕವಾಗಿ ಅಡ್ಮಿನ್ ಮಾಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಅಧಿಕಾರ ಕೊಟ್ಟಾಗಲೂ ತೆಗೆದಾಗಲೂ ಸೈನ್ ಔಟ್ ಆಗಿ ಬಂದ ಮೇಲೆಯೇ ಅದು ಜಾರಿಯಾಗುವುದು, ಹಾಗಾಗಿ ತೆಗೆದೆವೆಂದುಕೊಂಡವರು ಸಂಜೆಯವರೆಗೂ ಅಡ್ಮಿನ್ ಆಗಿಯೇ ಉಳಿದಿರುತ್ತಾರೆ.

ತಿಂಗಳಿಗೆ ಒಂದೆರಡು ಸಲ ಸೆಟಿಂಗ್ಸ್ ಮುಟ್ಟುವವರಿಗೆ, ಖರ್ಚಿಲ್ಲದೆ, ನನ್ನ ದಾರಿ ಧಾರಾಳ ಸಾಕು. ಆಫೀಸು, ಮನೆ ಎಂದು ದಿನವೂ ಐಪಿ ವಿಳಾಸ ಬದಲಿಸುವವರಿಗೆ ಮಾತ್ರ ಬೇರೆ ಸಲಹೆ: ನಿಮ್ಮ ಅಕೌಂಟನ್ನು 'ನೆಟ್‌ವರ್ಕ್ ಕಾನ್ಫಿಗರೇಶನ್ ಆಪರೇಟರ್ಸ್' ಗುಂಪಿಗೆ ಸೇರಿಸಿ. ಹೋಮ್ ಎಡಿಷನ್‌ನಲ್ಲಿ ಈ ಗುಂಪು ಸಾಮಾನ್ಯವಾಗಿ ಇರುವುದಿಲ್ಲ; ಪ್ರೊ ಎಡಿಷನ್‌ನಲ್ಲಿ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಿಂದ ನೆಟ್ ಲೋಕಲ್‌ಗ್ರೂಪ್ (net localgroup) ಕಮಾಂಡ್ ಬಳಸಿ ಸೇರಿಸಬಹುದು. ಗುಂಪಿನ ಹೆಸರಿನಲ್ಲಿ ಸ್ಪೇಸ್ ಇರುವುದರಿಂದ ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಆಮೇಲೆ ಒಮ್ಮೆ ಸೈನ್ ಔಟ್ ಆಗಿ ಬನ್ನಿ.